ಲೆಕ್ಕ ಬರೆದವರೇ ಲೆಕ್ಕ ನೋಡಿದರೆ?



ಚುನಾವಣೆಯ ಮಾತು ಈ ಪತ್ರಿಕೆಗೆ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ನಾನು ಯಾವ ಪಕ್ಷದ ಪರವಾಗಿಯೂ ಬರೆಯುತ್ತಿಲ್ಲ. ನಾನು ಮಾಡಿದ ಒಂದು ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ಬರೆಯುತ್ತಿದ್ದೇನೆ. ಆ ತಪ್ಪನ್ನು ಯಾರೂ ಹಿಡಿಯಲಿಲ್ಲ. ಹಿಡಿಯುವ ವ್ಯವಸ್ಥೆಯೇ ಇರಲಿಲ್ಲ ಎಂಬುದು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಪ್ರಾಥಮಿಕ ಶಾಲೆಯ ಮಾಸ್ತರ. ನಿವೃತ್ತನಾಗಿದ್ದೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ಪಾಠದ ಜೊತೆಗೆ ನಮ್ಮೂರಿನ ಒಂದು ಮತಗಟ್ಟೆಯ ಬಿಎಲ್‌ಒ ಕೆಲಸವೂ ನನ್ನ ಹೆಗಲಿಗಿತ್ತು. ಮನೆಮನೆಗೆ ಹೋಗಿ ಮತದಾರರ ಪಟ್ಟಿ ತಾಳೆ ನೋಡುವುದು, ಹೊಸ ಹೆಸರು ಸೇರಿಸುವುದು, ಸತ್ತವರ ಮತ್ತು ಊರು ಬಿಟ್ಟವರ ಹೆಸರು ತೆಗೆಯಲು ವರದಿ ಕೊಡುವುದು ನಮ್ಮ ಕೆಲಸ. 2017ರ ಚಳಿಗಾಲದಲ್ಲಿ ಪಟ್ಟಿಯ ಪರಿಷ್ಕರಣೆ ಬಂತು. ತಾಲೂಕಿನ ಸಭೆಯಲ್ಲಿ ಮೇಲಿನವರು ಕೇಳಿದ ಪ್ರಶ್ನೆ ಒಂದೇ: ಎಷ್ಟು ಹೆಸರು ತೆಗೆದಿರಿ? ತೆಗೆದ ಸಂಖ್ಯೆ ಕಡಿಮೆಯಿದ್ದವನು ಮನೆಮನೆಗೆ ಹೋಗಿಲ್ಲ, ಮನೆಯಲ್ಲಿ ಕೂತೇ ಬರೆದಿದ್ದಾನೆ ಎಂಬುದು ಅವರ ಲೆಕ್ಕಾಚಾರ.

ನಮ್ಮೂರಿನ ಹೊರಕೇರಿಯಲ್ಲಿ ನಾಲ್ಕು ಮನೆಗಳಿಗೆ ಬೀಗ ಹಾಕಿತ್ತು. ಪಕ್ಕದ ಮನೆಯವರನ್ನು ಕೇಳಿದೆ. ‘ಕಬ್ಬ ಕಡ್ಯಾಕ ಹೋಗ್ಯಾರ್ರಿ ಮಾಸ್ತರ್’ ಎಂದರು. ಯಾವಾಗ ಬರುತ್ತಾರೆ ಎಂದು ನಾನು ಕೇಳಲಿಲ್ಲ. ಹನ್ನೊಂದು ಹೆಸರುಗಳ ಮುಂದೆ ‘ಸ್ಥಳಾಂತರ’ ಎಂದು ಬರೆದೆ. ನೋಟಿಸು ಹೋಗಿರಬೇಕು, ಬೀಗ ಹಾಕಿದ ಬಾಗಿಲಿಗೇ ಹೋಗಿರಬೇಕು. ಯಾರೂ ಉತ್ತರಿಸಲಿಲ್ಲ, ಹೆಸರುಗಳು ಹೋದವು.

2018ರ ಮೇ 12ರಂದು ವಿಧಾನಸಭೆಗೆ ಮತದಾನ. ಮತಗಟ್ಟೆಯ ಹೊರಗೆ ಮೇಜು ಹಾಕಿಕೊಂಡು ಪಟ್ಟಿ ಹಿಡಿದು ಕುಳಿತಿದ್ದೆ. ಆ ಕೇರಿಯ ಒಬ್ಬ ಹೆಣ್ಣುಮಗಳು ಗುರುತಿನ ಚೀಟಿ ಹಿಡಿದು ಬಂದಳು. ನನಗಿಂತ ಹಿರಿಯಳು, ನನ್ನ ಶಾಲೆಯಲ್ಲಿ ಓದಿದ ಹುಡುಗನ ತಾಯಿ. ಮೂರು ಸಲ ಪಟ್ಟಿ ತಿರುವಿದೆ, ಹೆಸರು ಇರಲಿಲ್ಲ. ‘ನಾವೇನ್ ಸತ್ತೀವೇನ್ರಿ ಮಾಸ್ತರ್? ನಮ್ಮ ಹೆಸರ ಯಾರ ಹೊಡದ್ರು?’ ಎಂದಳು. ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ‘ಮ್ಯಾಲಿಂದ ಹೋಗ್ಯದ’ ಎಂದೆ. ಅವಳು ಒಂದು ಮಾತೂ ಆಡದೆ ಬಿಸಿಲಲ್ಲಿ ತಿರುಗಿ ಹೋದಳು.

ಆಮೇಲೆ ಕಾನೂನು ತೆಗೆದು ಓದಿದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಮು, ತಾತ್ಕಾಲಿಕವಾಗಿ ಊರಿನಲ್ಲಿ ಇಲ್ಲದ ಮಾತ್ರಕ್ಕೆ ಒಬ್ಬನು ಆ ಊರಿನ ಸಾಮಾನ್ಯ ನಿವಾಸಿ ಅಲ್ಲವೆಂದು ಆಗುವುದಿಲ್ಲ ಎನ್ನುತ್ತದೆ. ಅಂದರೆ ನಾನು ಮಾಡಿದ್ದು ಕಾನೂನಿಗೆ ವಿರುದ್ಧ. ಇನ್ನೊಂದು ಸಂಗತಿಯೂ ಆಗ ಹೊಳೆಯಿತು. ನಮ್ಮಲ್ಲಿ ಪಟ್ಟಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ದೀಪಾವಳಿಯಿಂದ ಸಂಕ್ರಮಣದ ಆಸುಪಾಸಿನವರೆಗೆ. ಕಬ್ಬು ಕಡಿಯುವ ಸುಗ್ಗಿಯೂ ಅದೇ. ಬಡವರು ಮನೆಗೆ ಬೀಗ ಹಾಕಿ ದುಡಿಯಲು ಹೋಗುವ ತಿಂಗಳುಗಳನ್ನೇ ನೋಡಿ ನಾವು ಅವರ ಬಾಗಿಲು ತಟ್ಟುತ್ತೇವೆ. ಯಾರೋ ಕುತಂತ್ರದಿಂದ ಹೀಗೆ ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಇದನ್ನು ಯಾರೂ ಕೂತು ನೋಡಿಲ್ಲ ಎಂದಷ್ಟೇ ಹೇಳುತ್ತೇನೆ. ನನ್ನ ಹನ್ನೊಂದು ಹೆಸರುಗಳಲ್ಲಿ ಒಂದನ್ನಾದರೂ ಮೇಲಿನವರು ತೆಗೆದುಕೊಂಡು, ಸ್ಥಳಕ್ಕೆ ಬಂದು, ಪಕ್ಕದ ಮನೆಯವರನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ನನ್ನ ಬಣ್ಣ ಬಯಲಾಗುತ್ತಿತ್ತು.

ನಿವೃತ್ತಿಯ ನಂತರ ನಾನು ನಮ್ಮೂರ ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿದ್ದೇನೆ. 1959ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಮ್ಮ ಪುಟ್ಟ ಸಂಘಕ್ಕೂ ಪ್ರತಿ ವರ್ಷ ಲೆಕ್ಕ ಪರಿಶೋಧನೆ ಆಗಲೇಬೇಕು. ಗೊಬ್ಬರದ ಚೀಲ ಎರಡು ಕಡಿಮೆ ಬಿದ್ದರೆ ಕಾರ್ಯದರ್ಶಿ ಉತ್ತರಿಸಬೇಕು. ಲೆಕ್ಕ ಬರೆದ ಕಾರ್ಯದರ್ಶಿಯೇ ಲೆಕ್ಕ ತಪಾಸಿಸುವ ಹಾಗಿಲ್ಲ. ಇದನ್ನು ಯಾರೂ ಸಂಘಕ್ಕೆ ಅವಮಾನ ಎಂದು ತಿಳಿಯುವುದಿಲ್ಲ. ಎರಡು ಚೀಲ ಗೊಬ್ಬರಕ್ಕೆ ಇರುವ ತಪಾಸಣೆ ಒಂದು ಮತಕ್ಕೆ ಯಾಕಿಲ್ಲ?

ಮತದಾರರ ಪಟ್ಟಿಯಲ್ಲಿ ಕರ್ತವ್ಯಲೋಪ ಮಾಡಿದ ನೌಕರನಿಗೆ ಅದೇ ಕಾಯ್ದೆಯ 32ನೆಯ ಕಲಮಿನಲ್ಲಿ ಶಿಕ್ಷೆ ಇದೆ. ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ ಜೈಲು. ಓದಿದಾಗ ಬೆವರಿದೆ. ಮುಂದಿನ ಉಪಕಲಮು ಓದಿದ ಮೇಲೆ ಬೆವರು ಆರಿತು. ಚುನಾವಣಾ ಆಯೋಗ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಅಪ್ಪಣೆಯಿಂದ ದೂರು ಬಂದರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಬಹುದು. ಹೆಸರು ಕಳೆದುಕೊಂಡ ಆ ತಾಯಿ ನೇರವಾಗಿ ಕೋರ್ಟಿಗೆ ಹೋಗಿ ‘ಈ ಮಾಸ್ತರ ಕರ್ತವ್ಯ ತಪ್ಪಿದ್ದಾನೆ’ ಎಂದು ಈ ಕಲಮಿನಡಿ ಕೇಳುವ ಹಾಗಿಲ್ಲ. ನನ್ನಿಂದ ಕೆಲಸ ಮಾಡಿಸಿದವರೇ ನನ್ನ ಮೇಲೆ ದೂರು ಕೊಡಬೇಕು. ಎಷ್ಟು ಹೆಸರು ತೆಗೆದಿರಿ ಎಂದು ಕೇಳಿದವರು ಯಾಕೆ ತೆಗೆದೆ ಎಂದು ಯಾವಾಗ ಕೇಳುತ್ತಾರೆ?

ಇದು ಒಬ್ಬ ಸೋಮಾರಿ ಮಾಸ್ತರನ ಕಥೆ ಎಂದು ಪಕ್ಕಕ್ಕಿಡಬೇಡಿ. ಕಲಬುರಗಿ ಜಿಲ್ಲೆಯ ಆಳಂದ ನಮಗೆ ದೂರವೇನಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು ನಮೂನೆ 7ರಲ್ಲಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ತನಿಖೆ ಮಾಡಿದಾಗ ಸರಿಯಾದ ಅರ್ಜಿಗಳು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. ಅರ್ಜಿದಾರರೆಂದು ಹೆಸರಿದ್ದವರಿಗೇ ತಮ್ಮ ಹೆಸರಿನಲ್ಲಿ ಅರ್ಜಿ ಹೋದದ್ದು ಗೊತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ನೋಂದಣಿ ಅಧಿಕಾರಿಯ ಕಡೆಯಿಂದಲೇ ದೂರು ಹೋಯಿತು, ಆ ಹೆಸರುಗಳು ಪಟ್ಟಿಯಲ್ಲಿ ಉಳಿದವು. ಆ ಮಟ್ಟಿಗೆ ಅಲ್ಲಿನ ಸಿಬ್ಬಂದಿಗೆ ಕೈಮುಗಿಯಬೇಕು.

ಆದರೆ ಅದು ಗೊತ್ತಾದದ್ದು ಹೇಗೆ? ತನ್ನ ಬಂಧುವಿನ ಹೆಸರನ್ನೇ ತೆಗೆಯಲು ಅರ್ಜಿ ಬಂದದ್ದನ್ನು ಕಂಡು ಒಬ್ಬ ಬಿಎಲ್‌ಒಗೆ ಅನುಮಾನ ಬಂತು ಎಂದು ವರದಿಯಾಗಿದೆ. ಆ ಅರ್ಜಿ ಬಂಧುವಿನದಲ್ಲದೆ ನನ್ನಂಥವನ ಕೈಗೆ ಬಂದಿದ್ದರೆ? ಬೀಗ ಹಾಕಿದ ಮನೆಯದಾಗಿದ್ದರೆ? ಸಾವಿರಾರು ಸುಳ್ಳು ಅರ್ಜಿಗಳನ್ನು ಒಂದು ಕ್ಷೇತ್ರ ತಡೆದದ್ದು ಒಬ್ಬರ ಕಣ್ಣು ಮತ್ತು ಅದೃಷ್ಟದಿಂದ. ಮುಂದಿನ ಕಥೆ ಇನ್ನೂ ಬೇಸರದ್ದು. ತನಗೆ ಲಭ್ಯವಿದ್ದ ಮಾಹಿತಿಯನ್ನೆಲ್ಲ 2023ರ ಸೆಪ್ಟೆಂಬರ್ 6ರಂದೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕೊಟ್ಟಿದ್ದೇನೆ ಎಂದು ಆಯೋಗ ಹೇಳಿತು. ಅದು ಸಾಲದು, ಇನ್ನಷ್ಟು ತಾಂತ್ರಿಕ ವಿವರ ಬೇಕು ಎಂದು ಸಿಐಡಿ ಪದೇ ಪದೇ ಪತ್ರ ಬರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ದೊಡ್ಡ ಗದ್ದಲವಾದ ಮೇಲೆ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅಪರಾಧಿ ಯಾರು ಎಂಬುದನ್ನು ನ್ಯಾಯಾಲಯ ಹೇಳಲಿ. ಆಯೋಗವನ್ನು ಪ್ರಶ್ನಿಸುವ ಅಧಿಕಾರವುಳ್ಳ ಒಬ್ಬ ತಪಾಸಕ ಇದ್ದಿದ್ದರೆ ಈ ಪತ್ರ ವ್ಯವಹಾರಕ್ಕೆ ಎರಡು ವರ್ಷ ಬೇಕಾಗುತ್ತಿತ್ತೇ ಎಂಬುದು ನನ್ನ ಪ್ರಶ್ನೆ.

ಬೆಂಗಳೂರಿನ ಚಿಲುಮೆ ಪ್ರಕರಣವನ್ನು ನೆನಪಿಸಿದರೆ ಸಾಕು. ಮತದಾರರ ಜಾಗೃತಿ ಎಂದು ಒಂದು ಖಾಸಗಿ ಸಂಸ್ಥೆಗೆ ಮಹಾನಗರ ಪಾಲಿಕೆ ಅನುಮತಿ ಕೊಟ್ಟಿತು. ಆ ಸಂಸ್ಥೆಯ ಜನ ಸರ್ಕಾರಿ ಬಿಎಲ್‌ಒಗಳಂತೆ ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸಿದ ಆರೋಪ 2022ರ ನವೆಂಬರ್‌ನಲ್ಲಿ ಪತ್ರಕರ್ತರಿಂದ ಹೊರಬಿತ್ತು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರ್ಪಡೆ, ತೆಗೆದುಹಾಕುವಿಕೆ ಎಲ್ಲವನ್ನೂ ನೂರಕ್ಕೆ ನೂರು ಮರುಪರಿಶೀಲಿಸಲು ಆಯೋಗ ಆದೇಶಿಸಿತು. ಅಲ್ಲಿಯೂ ಮೊದಲು ಕಂಡದ್ದು ಹೊರಗಿನವರಿಗೆ.

ಹಾಗಾದರೆ ಸರ್ಕಾರವೇ ಆಯೋಗದ ಮೇಲೆ ಒಂದು ಕಣ್ಣಿಡಲಿ ಎಂದು ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಹೇಳಿದರು. ಖಂಡಿತ ಬೇಡ. ಸರ್ಕಾರದ ಕಣ್ಣು ಹೇಗಿರುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಂವಿಧಾನದ 243ಕೆ ವಿಧಿಯ ಪ್ರಕಾರ ಪಂಚಾಯತಿ ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗವಿದೆ. ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿಯಿತು. ಆಯೋಗ ಸಿದ್ಧವಾಗುತ್ತಿದ್ದಾಗ ಬಿಜೆಪಿ ಸರ್ಕಾರ ಕಾನೂನು ತಿದ್ದಿ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಕೆಲಸವನ್ನು ಅದರ ಕೈಯಿಂದ ಕಿತ್ತು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಚುನಾವಣೆ ನಡೆಸಬೇಕಾದ ಆಯೋಗ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಆಗ ವಿರೋಧ ಪಕ್ಷದಲ್ಲಿ ಕೂತು ಕೂಗಿದವರು ಅಧಿಕಾರಕ್ಕೆ ಬಂದ ಮೇಲೆ ಅದೇ ಖುರ್ಚಿಯಲ್ಲಿ ಸುಖವಾಗಿ ಕುಳಿತರು. ಅವಧಿ ಮುಗಿದು ನಾಲ್ಕು ವರ್ಷ ದಾಟಿದರೂ ಮತದಾನದ ದಿನ ಬರಲಿಲ್ಲ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿತ್ತು, ಆಮೇಲೆ ಅಲ್ಲಿಯೂ ಆಡಳಿತಾಧಿಕಾರಿಗಳ ಕಾರುಬಾರು.

ಇದನ್ನು ಮೇಲ್ವಿಚಾರಣೆ ಎಂದು ಕರೆಯಬೇಡಿ. ಇದು ಮೂಗುದಾರ. ಚುನಾವಣೆಗೆ ಮೊದಲು ಸರ್ಕಾರ ಹಿಡಿಯುವುದು ಮೂಗುದಾರ, ಚುನಾವಣೆಯ ನಂತರ ಸ್ವತಂತ್ರನೊಬ್ಬ ನೋಡುವುದು ಲೆಕ್ಕ. ನಮ್ಮಲ್ಲಿ ಮೂಗುದಾರ ಧಾರಾಳವಾಗಿದೆ, ಲೆಕ್ಕ ಮಾತ್ರ ಇಲ್ಲ.

ಕೇಂದ್ರದ ಆಯೋಗದ ಕಡೆಗೂ ಒಮ್ಮೆ ನೋಡಿ. ಚುನಾವಣಾ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ವಿರೋಧ ಪಕ್ಷದ ನಾಯಕರ ಜೊತೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಇರಲಿ, ಸಂಸತ್ತು ಕಾನೂನು ಮಾಡುವವರೆಗೆ ಇದೇ ವ್ಯವಸ್ಥೆ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್ 2ರಂದು ಹೇಳಿತು. ವರ್ಷ ಮುಗಿಯುವುದರೊಳಗೆ ಸಂಸತ್ತು ಕಾನೂನು ಮಾಡಿತು, ನ್ಯಾಯಮೂರ್ತಿಗಳ ಜಾಗಕ್ಕೆ ಪ್ರಧಾನಿಯೇ ಹೆಸರಿಸುವ ಒಬ್ಬ ಕೇಂದ್ರ ಸಚಿವರು ಬಂದರು. ಮೂವರಲ್ಲಿ ಇಬ್ಬರು ಒಂದೇ ಕಡೆಯವರು. ಅದೇ ಕಾಯ್ದೆಯ 16ನೆಯ ಕಲಮು, ಆಯುಕ್ತರು ಅಧಿಕಾರದಲ್ಲಿದ್ದಾಗ ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕಾಗಿ ಅವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಮೊಕದ್ದಮೆಯನ್ನೂ ಯಾವ ನ್ಯಾಯಾಲಯವೂ ನಡೆಸಬಾರದು ಎನ್ನುತ್ತದೆ.

2024ರ ಡಿಸೆಂಬರ್ 20ರಂದು ಚುನಾವಣಾ ನಡವಳಿಕೆ ನಿಯಮಗಳ 93ನೆಯ ನಿಯಮವನ್ನು ತಿದ್ದಲಾಯಿತು. ಚುನಾವಣೆಗೆ ಸಂಬಂಧಿಸಿದ ಇತರ ಎಲ್ಲ ಕಾಗದಪತ್ರ ಸಾರ್ವಜನಿಕರಿಗೆ ತೆರೆದಿರಬೇಕು ಎಂದಿದ್ದದ್ದು, ನಿಯಮಗಳಲ್ಲಿ ಹೇಳಿದ ಕಾಗದಪತ್ರ ಮಾತ್ರ ಎಂದಾಯಿತು. ಮತಗಟ್ಟೆಯ ಸಿಸಿಟಿವಿ ದೃಶ್ಯ ಕೇಳುವ ಬಾಗಿಲು ಅಲ್ಲಿಗೆ ಮುಚ್ಚಿತು. 2025ರ ಮೇ ತಿಂಗಳಲ್ಲಿ, ಚುನಾವಣಾ ತಕರಾರು ಅರ್ಜಿ ಇಲ್ಲದಿದ್ದರೆ ಆ ದೃಶ್ಯಗಳನ್ನು 45 ದಿನಗಳ ನಂತರ ಅಳಿಸಬಹುದು ಎಂಬ ಸೂಚನೆ ಬಂತು. ಮತದಾರರ ಖಾಸಗಿತನ ಕಾಪಾಡಲು ಎಂದು ಸಮರ್ಥನೆ. ನಮ್ಮ ಸಹಕಾರ ಸಂಘದಲ್ಲಿ ಕಾರ್ಯದರ್ಶಿ ‘ಸದಸ್ಯರ ಗೌಪ್ಯತೆಗಾಗಿ ರಸೀದಿ ಪುಸ್ತಕ ಸುಟ್ಟಿದ್ದೇನೆ’ ಎಂದರೆ ನೀವು ಒಪ್ಪುತ್ತೀರಾ?

ಎಣಿಕೆಯ ವಿಷಯವೂ ಇದೆ. ಮತಯಂತ್ರಗಳೇ ಕೆಟ್ಟವು ಎಂದು ಕೂಗುವವನು ನಾನಲ್ಲ. ಆದರೆ ಯಂತ್ರದ ಎಣಿಕೆಯನ್ನು ವಿವಿಪ್ಯಾಟ್ ಚೀಟಿಗಳೊಂದಿಗೆ ತಾಳೆ ನೋಡುವುದು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳಲ್ಲಿ ಮಾತ್ರ. ನಮ್ಮ 224 ಕ್ಷೇತ್ರಗಳಿಗೆ 1,120 ಮತಗಟ್ಟೆ. ರಾಜ್ಯದಲ್ಲಿ ಇರುವ ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. ಗೆಲುವಿನ ಅಂತರ ಲಕ್ಷವಾದರೂ ಐದು, 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆದಂತೆ ಬರೀ 16 ಮತವಾದರೂ ಐದೇ. ಅಂತರ ಕಡಿಮೆಯಾದಷ್ಟೂ ಹೆಚ್ಚು ಚೀಟಿ ನೋಡಬೇಕು ಎಂಬುದು ಸಂತೆಯಲ್ಲಿ ತಕ್ಕಡಿ ಹಿಡಿದವನಿಗೂ ಗೊತ್ತು. ಅಮೆರಿಕದಲ್ಲಿ ಈ ತತ್ವದ ಮೇಲೆಯೇ ಕೆಲವು ರಾಜ್ಯಗಳು ತಪಾಸಣೆ ನಡೆಸುತ್ತವೆ. 2020ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಯ ಅಂತರ ಸುಮಾರು 12 ಸಾವಿರಕ್ಕೆ ಬಂದಾಗ ಹತ್ತಿರ ಹತ್ತಿರ 50 ಲಕ್ಷ ಮತಪತ್ರಗಳನ್ನು ಕೈಯಿಂದ ಮತ್ತೆ ಎಣಿಸಿದರು. ಗೆದ್ದವರು ಬದಲಾಗಲಿಲ್ಲ. ಆದರೆ ಕೆಲವು ಜಿಲ್ಲೆಗಳಲ್ಲಿ ಲೆಕ್ಕಕ್ಕೆ ಬಾರದೆ ಉಳಿದಿದ್ದ ಸಾವಿರಾರು ಮತಗಳು ಸಿಕ್ಕವು. ಅಲ್ಲಿನ ರಾಜಕೀಯದ ಹುಚ್ಚಾಟ ನಮಗೆ ಬೇಡ, ಆ ಎಣಿಕೆ ಬೇಕು.

‘ಆಯೋಗವನ್ನು ತಪಾಸಣೆಗೆ ಒಳಪಡಿಸಿದರೆ ಅದರ ಸ್ವಾತಂತ್ರ್ಯ ಹೋಗುತ್ತದೆ’ ಎನ್ನುತ್ತಾರೆ. ಸ್ವಾತಂತ್ರ್ಯ ಇರುವುದು ಸರ್ಕಾರದಿಂದ, ಜನರಿಂದಲ್ಲ. ಸಿಎಜಿ ಎಂದು ನಾವು ಕರೆಯುವ ಮಹಾಲೆಕ್ಕಪರಿಶೋಧಕರು ಚುನಾವಣೆಗೆ ಆದ ಖರ್ಚನ್ನು ನೋಡಬಹುದು. ಪೆನ್ನು, ಪೆಂಡಾಲು, ಜೀಪಿನ ಡೀಸೆಲ್ಲಿಗೆ ಲೆಕ್ಕವಿದೆ. ಅದರಿಂದ ಆಯೋಗದ ಗೌರವವೇನೂ ಕುಂದಲಿಲ್ಲ. ಹಾಗೆಯೇ ತೆಗೆದ ಹೆಸರುಗಳಿಗೂ ಒಂದು ಲೆಕ್ಕವಿರಲಿ. ಸರ್ಕಾರದ ಕೈಕೆಳಗೂ ಅಲ್ಲದ, ಆಯೋಗದ ಕೈಕೆಳಗೂ ಅಲ್ಲದ ತಪಾಸಣಾ ಮಂಡಳಿಯೊಂದು ಪ್ರತಿ ಪರಿಷ್ಕರಣೆಯ ನಂತರ ಪ್ರತಿ ಕ್ಷೇತ್ರದಲ್ಲಿ ಚೀಟಿ ಎತ್ತಿ ಒಂದಿಷ್ಟು ಹೆಸರು ಆರಿಸಲಿ, ಮನೆಗೆ ಹೋಗಿ ನೋಡಲಿ, ಕಂಡದ್ದನ್ನು ವಿಧಾನಸಭೆಯ ಮೇಜಿನ ಮೇಲೆ ಇಡಲಿ. ಆ ಮಂಡಳಿಗೆ ಹೆಸರು ಸೇರಿಸುವ ಅಧಿಕಾರವೂ ಬೇಡ, ತೆಗೆಯುವ ಅಧಿಕಾರವೂ ಬೇಡ. ನೋಡುವ ಮತ್ತು ಹೇಳುವ ಅಧಿಕಾರ ಸಾಕು. ಅದರ ಸದಸ್ಯರನ್ನು ಆರಿಸುವಾಗ ಆಳುವ ಪಕ್ಷಕ್ಕೆ ಬಹುಮತ ಇರಬಾರದು, ಇಲ್ಲದಿದ್ದರೆ ಮತ್ತೆ ಮೂಗುದಾರವೇ.

ಇದು ಆಗದ ಮಾತೇನಲ್ಲ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಯಾರ ಹೆಸರು, ಯಾವ ಕಾರಣ ಎಂದು ಪ್ರತ್ಯೇಕವಾಗಿ ಹೇಳುವ ಹೊಣೆ ತನ್ನದಲ್ಲ ಎಂದು ಆಯೋಗ ಮೊದಲು ವಾದಿಸಿತು. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಕಾರಣ ಸಹಿತ ಪಟ್ಟಿ ಪ್ರಕಟವಾಯಿತು. ಅಂದರೆ ಪಟ್ಟಿ ಸಿದ್ಧವಿತ್ತು, ಕೇಳುವವರು ಬೇಕಾಗಿತ್ತು. ನಮ್ಮ ರಾಜ್ಯದ ಸರದಿ ಬಂದಾಗ ಕೇಳುವವರು ಯಾರು?

ಇಲ್ಲಿ ನಮ್ಮ ಸಮಾಜಕ್ಕೂ ಒಂದು ಮಾತು, ಬೇಸರವಾದರೆ ಕ್ಷಮೆಯಿರಲಿ. ನಮ್ಮವರಿಗೆ ಎಷ್ಟು ಟಿಕೆಟ್ ಸಿಕ್ಕಿತು, ಯಾವ ಒಳಪಂಗಡಕ್ಕೆ ಎಷ್ಟು ಮಂತ್ರಿಗಿರಿ ಬಂತು ಎಂದು ಬೆರಳು ಮಡಿಚಿ ಎಣಿಸುತ್ತೇವೆ. ಅದಕ್ಕಾಗಿ ಸಮಾವೇಶ ಮಾಡುತ್ತೇವೆ, ಬಸ್ಸು ಬಿಡುತ್ತೇವೆ. ಹೊರಕೇರಿಯ ಹನ್ನೊಂದು ಹೆಸರು ಹೋದದ್ದನ್ನು ಎಣಿಸಿದವರು ಯಾರು? ಆ ಹನ್ನೊಂದರಲ್ಲಿ ನಮ್ಮ ಸಮಾಜದವರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ನಾನು ಬೀಗ ನೋಡಿ ಬರೆಯುತ್ತಿದ್ದೆನೇ, ಅಥವಾ ಫೋನು ಮಾಡಿ ಕೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ನನಗೆ ನಾನೇ ಹಲವು ರಾತ್ರಿ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದೆ, ಬರೆಯಲು ನಾಚಿಕೆಯಾಗುತ್ತದೆ.

ಸ್ವತಂತ್ರ ಮಂಡಳಿ ಬರಲು ಕಾನೂನು ಬೇಕು, ವರ್ಷಗಳು ಬೇಕು. ಅಲ್ಲಿಯವರೆಗೆ ಕೈಯಲ್ಲಿರುವುದು ಗ್ರಾಮಸಭೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೆಯ ಕಲಮು ಊರಿನ ಕಾಮಗಾರಿಯ ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಕೂಲಿಕಾರರ ಹಾಜರಿಯನ್ನು ಸಭೆಯಲ್ಲಿ ಓದುವಾಗ ‘ಇವ ಕೆಲಸಕ್ಕ ಬಂದೇ ಇಲ್ಲ’ ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೂಗುತ್ತಿದ್ದರು, ಅಲ್ಲಿಗೆ ಸುಳ್ಳು ಬಿದ್ದುಹೋಗುತ್ತಿತ್ತು. ಮತದಾರರ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಓದುವ ದಿನ ಆಯೋಗದ ಹಳೆಯ ವೇಳಾಪಟ್ಟಿಗಳಲ್ಲಿ ಇರುತ್ತಿತ್ತು. ಬಿಎಲ್‌ಒ ಆಗಿದ್ದಾಗ ನಾನು ಓದಿದ ಹಾಗೆ ಮಾಡಿ ಸಹಿ ಹಾಕಿಸಿಕೊಂಡಿದ್ದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆ ಚುನಾವಣೆಯ ನಂತರ ನಮೂನೆ 6 ಹಿಡಿದು ಹೊರಕೇರಿಗೆ ನಾನೇ ಹೋದೆ. ಹನ್ನೊಂದರಲ್ಲಿ ಏಳು ಹೆಸರು ಮರಳಿ ಬಂದವು. ಇಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು, ಇಬ್ಬರು ನಿಜವಾಗಿಯೂ ಊರು ಬಿಟ್ಟಿದ್ದರು. ಆ ತಾಯಿಗೆ ಆಗ ಸತ್ಯ ಹೇಳಿದೆ. ಅವಳು ಬೈಯಲಿಲ್ಲ. ‘ಮೊದ್ಲ ಹೇಳಿದ್ರ ಅವತ್ತ ಅಷ್ಟ ದೂರ ನಡಕೊಂಡ ಬರ್ತಿದ್ದಿಲ್ರಿ’ ಎಂದಳು.

ನಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆಗೆ ಲಿಖಿತ ಅರ್ಜಿ ಕೊಟ್ಟಿದ್ದೇನೆ. ಊರಿನ ಎಲ್ಲ ಭಾಗಗಳ ಮತದಾರರ ಪಟ್ಟಿಯನ್ನು, ಹಿಂದಿನ ಪರಿಷ್ಕರಣೆಯಲ್ಲಿ ತೆಗೆದ ಹೆಸರುಗಳ ಸಮೇತ, ಕಾರಣದ ಸಮೇತ, ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕಬ್ಬಿನ ಸುಗ್ಗಿ ಮುಗಿದು ಜನ ಊರಿಗೆ ಮರಳಿದ ಮೇಲೆ ಸಭೆ ಕರೆಯಬೇಕು ಎಂದು ಕೇಳಿದ್ದೇನೆ. ಅಭಿವೃದ್ಧಿ ಅಧಿಕಾರಿಗಳು ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿದ್ದಾರೆ, ತಹಶೀಲ್ದಾರರ ಕಚೇರಿಯವರು ಪಂಚಾಯತಿಯನ್ನು ಕೇಳಿ ಎಂದಿದ್ದಾರೆ. ಎರಡೂ ಕಡೆ ಅರ್ಜಿ ಸಲ್ಲಿಸಿದ ಸ್ವೀಕೃತಿ ನನ್ನ ಬಳಿ ಇದೆ. ನಿಮ್ಮೂರಿನಲ್ಲಿ ಇಂಥದೇ ಅರ್ಜಿ ಕೊಡುವವರಿದ್ದರೆ ಸಂಪಾದಕರ ಮೂಲಕ ಬರೆಯಿರಿ, ನನ್ನ ಅರ್ಜಿಯ ಪ್ರತಿ ಕಳಿಸಿಕೊಡುತ್ತೇನೆ.